ಹಿಮದ ಮುಂದೆ ಮುಖ ಕಪ್ಪಾಗದ ಹಾಗೆ ಶೂಟ್ ಮಾಡುವುದು

ಪರ್ವತಾರೋಹಿಗಳ ಸಾಕ್ಷ್ಯಚಿತ್ರ ಅಂದರೆ ಬರೀ ಶಿಖರ, ಬಾವುಟ ಅಲ್ಲ. 1953ರಲ್ಲಿ ಎಡ್ಮಂಡ್ ಹಿಲರಿ ತೇನ್‌ಸಿಂಗ್ ಜೊತೆ ಎವರೆಸ್ಟ್ ಹತ್ತಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಆಮೇಲಿನ ಕಥೆ ಇಷ್ಟ. ಹಿಲರಿ ಮುಂದೆ ನಿಂತು ಕಟ್ಟಿಸಿದ್ದು: ಶೆರ್ಪಾಗಳ ಖುಮ್‌ಜುಂಗ್ ಊರಿನಲ್ಲಿ 1961ರಲ್ಲಿ ಶಾಲೆ, 1964ರಲ್ಲಿ ಲುಕ್ಲಾದ ರನ್‌ವೇ, 1966ರಲ್ಲಿ ಖುಮ್‌ಜುಂಗ್ ಪಕ್ಕದ ಖುಂಡೆಯಲ್ಲಿ ಆಸ್ಪತ್ರೆ. ಇಂಥ ಚಿತ್ರದಲ್ಲಿ ಊರಿನವರ ಮುಖ ಕಾಣದಿದ್ದರೆ ಉಳಿಯುವುದೇನು?

ಆದರೆ ಕ್ಯಾಮೆರಾ ಆಟೋ ಮೋಡಿನಲ್ಲಿದ್ದರೆ ಕಪ್ಪಾಗುವುದು ಅದೇ ಮುಖ.

ತಲೆ ಕೆಡುವುದು ಇಲ್ಲೇ. ಹಿಮ ಮೊದಲೇ ಬೆಳ್ಳಗಿದೆ, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಕಮ್ಮಿ ಮಾಡಬೇಕು ಅನ್ನಿಸುತ್ತದೆ ಅಲ್ವಾ? ಇಲ್ಲ, ಜಾಸ್ತಿ ಮಾಡಬೇಕು. ಬೆಳಕು ಅಳೆಯುವ ಕ್ಯಾಮೆರಾ ಮೀಟರಿಗೆ ಹಿಮ ಯಾವುದು, ಗೋಡೆ ಯಾವುದು ಗೊತ್ತಿಲ್ಲ. ಎದುರಿಗೆ ಏನಿದ್ದರೂ ಅದು ಬೆಳಕಿನ ಸುಮಾರು ಶೇ. 18 ಭಾಗ ಹಿಂದಿರುಗಿಸುವ ಬೂದು ಬಣ್ಣ ಎಂದೇ ಲೆಕ್ಕ ಹಾಕುತ್ತದೆ. ಹೊಸ ಹಿಮ ಹಿಂದಿರುಗಿಸುವುದು ಶೇ. 80ಕ್ಕೂ ಜಾಸ್ತಿ. ಹಾಗಾಗಿ ಕ್ಯಾಮೆರಾ ಇಡೀ ಚಿತ್ರವನ್ನು ಕತ್ತಲು ಮಾಡಿ ಹಿಮವನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ. ಜೊತೆಗೆ ಮುಖವೂ ಇಳಿಯುತ್ತದೆ.

ಎಷ್ಟು ಏರಿಸಬೇಕು? ಒಂದು ಸ್ಟಾಪ್ ಏರಿಸಿದರೆ ಬೆಳಕು ದುಪ್ಪಟ್ಟು. 18, 36, 72. ಎರಡು ಸ್ಟಾಪಿಗೆ ಹಿಮದ ಹತ್ತಿರ ಬಂದೆವು. ಮೂರನೆಯದಕ್ಕೆ 144, ನೂರು ದಾಟಿತು, ಹಿಮದ ಗೆರೆಗಳೆಲ್ಲ ಅಳಿಸಿ ಹೋಗುತ್ತವೆ. ಅದಕ್ಕೇ ಒಂದೂವರೆಯಿಂದ ಎರಡು. ಬಿಸಿಲು ಎದುರಿಗೆ ನಿಂತವರ ಬೆನ್ನ ಹಿಂದಿದ್ದರೆ ಈ ಲೆಕ್ಕ ಬಿಡಿ. ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಸೀದಾ ಕೆನ್ನೆಯ ಮೇಲೆ ಇಡಿ, ಹಿಮದ ಗೆರೆಗಳು ಸ್ವಲ್ಪ ಅಳಿಸಿದರೂ ಅಳಿಸಲಿ.

ಶಿರಸಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಟೆರೇಸಿನಲ್ಲಿ ಬಿಳಿ ಬೆಡ್‌ಶೀಟ್ ಒಣಗಹಾಕಿ, ಫ್ರೇಮ್ ತುಂಬ ಅದೇ ಬರುವ ಹಾಗೆ ಮಾಡಿ, ಮುಂದೆ ತಮ್ಮನನ್ನೋ ತಂಗಿಯನ್ನೋ ನಿಲ್ಲಿಸಿ. ಆಟೋ ಮೋಡಿನಲ್ಲಿ ಒಂದು ಶಾಟ್, ಎರಡು ಸ್ಟಾಪ್ ಏರಿಸಿ ಇನ್ನೊಂದು. ಆಮೇಲೆ ಯಾಣಕ್ಕೆ ಹೋಗಿ. ಅಲ್ಲಿ ಪೂರ್ತಿ ಉಲ್ಟಾ. ಕರಿ ಬಂಡೆಯನ್ನು ಬೂದು ಬಣ್ಣಕ್ಕೆ ಏರಿಸಲು ಹೋಗಿ ಕ್ಯಾಮೆರಾ ಮುಖವನ್ನು ಸುಣ್ಣ ಬಳಿದ ಹಾಗೆ ಮಾಡುತ್ತದೆ. ಅಲ್ಲಿ ಇಳಿಸಬೇಕು. ಎರಡನ್ನೂ ಒಂದೇ ದಿನ ನೋಡಿದರೆ ಮತ್ತೆ ಮರೆಯುವುದಿಲ್ಲ.

ಉಳಿದದ್ದು ಚುಟುಕಾಗಿ. ಸೆಕೆಂಡಿಗೆ 25 ಫ್ರೇಮ್ ಶೂಟ್ ಮಾಡುವಾಗ ಶಟರ್ 1/50 ಸೆಕೆಂಡ್, ಬೆಳಕು ಜಾಸ್ತಿಯಾದರೆ ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಸ್ಪೇರ್ ಇದ್ದರೆ ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಚಳಿಯಿಂದ ಬೆಚ್ಚಗಿನ ಮನೆಯೊಳಗೆ ಹೋಗುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಎಸಿ ಕಾರಿನಿಂದ ಕಾರವಾರದ ಬೀಚಿಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.