ಸ್ವನಿಯಂತ್ರಣ ಎಂದರೆ ಬಾಯಿ ಕಟ್ಟುವುದಲ್ಲ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಕಡ್ಡಾಯ, ಇದರಿಂದ ಮಕ್ಕಳಲ್ಲಿ ಸ್ವನಿಯಂತ್ರಣ ಬೆಳೆಯುತ್ತದೆ ಎನ್ನುವ ಧಾಟಿಯ ಸೂಚನೆಗಳು ಶಾಲೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಗುರಿ ಇನ್ನೊಬ್ಬರದು, ಲೆಕ್ಕ ಇನ್ನೊಬ್ಬರ ಕೈಯಲ್ಲಿ, ಮೇಲಿಂದ ಕಡ್ಡಾಯ ಬೇರೆ. ಇದರಲ್ಲಿ ‘ಸ್ವ’ ಎಲ್ಲಿದೆಯೋ ಬರೆದವರೇ ಹೇಳಬೇಕು.

ಗೊಂದಲಕ್ಕೆ ಪದದ ಹುಟ್ಟೂ ಒಂದಿಷ್ಟು ಕಾರಣ. ನಿಯಂತ್ರಣ, ನಿಯಮ, ಸಂಯಮ ಎಲ್ಲವೂ ‘ಯಮ್’ ಧಾತುವಿನ ಸಂತಾನ. ಧಾತುವಿಗೆ ಹಿಡಿದಿಡು, ತಡೆ ಎಂಬ ಅರ್ಥ. ಹಾಗಾಗಿ ಸ್ವನಿಯಂತ್ರಣ ಎಂದೊಡನೆ ನಮಗೆ ಹೊಳೆಯುವುದು ಕರಿದದ್ದು ಬಿಡುವುದು, ಮೊಬೈಲ್ ಮುಟ್ಟದಿರುವುದು, ಬೆಳಿಗ್ಗೆ ಹಲ್ಲುಕಚ್ಚಿ ಏಳುವುದು. ಅದಕ್ಕೆ ಸಂಯಮ ಎಂಬ ಒಳ್ಳೆಯ ಪದ ಆಗಲೇ ಇದೆ. ಮನಶ್ಶಾಸ್ತ್ರದವರು ಸೆಲ್ಫ್ ರೆಗ್ಯುಲೇಶನ್ ಎನ್ನುವುದು ಬೇರೆಯದನ್ನು. ಅದು ಬೇಕಿದ್ದವರು ಅದೇ ಧಾತುವಿನ ಇನ್ನೊಂದು ಪದ ನೋಡಬೇಕು: ‘ಯಂತೃ’, ಅಂದರೆ ಸಾರಥಿ. ಸಾರಥಿ ಲಗಾಮು ಎಳೆಯುವುದಷ್ಟೇ ಅಲ್ಲ, ಸಡಿಲವನ್ನೂ ಬಿಡುತ್ತಾನೆ, ದಾರಿ ಕೆಟ್ಟಿದ್ದರೆ ಬಳಸಿ ಹೋಗುತ್ತಾನೆ. ಬರೀ ಎಳೆಯುತ್ತಲೇ ಇದ್ದರೆ ರಥ ನಿಂತಲ್ಲೇ ನಿಂತಿರುತ್ತದೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1991ರಲ್ಲಿ ಇದನ್ನು ಮೂರು ಕೆಲಸಗಳಾಗಿ ಬಿಡಿಸಿಟ್ಟರು: ತನ್ನನ್ನು ತಾನು ಗಮನಿಸುವುದು, ಕಂಡದ್ದನ್ನು ಒಂದು ಮಟ್ಟಕ್ಕೆ ಹಿಡಿದು ತೂಗುವುದು, ತೂಗಿದ ಮೇಲೆ ಏನಾದರೂ ಮಾಡುವುದು. ಹೆಜ್ಜೆ ಎಣಿಸಲು ಕೈಗೆ ಕಟ್ಟಿದ ಬ್ಯಾಂಡು ಮೊದಲನೆಯದರಲ್ಲಿ ಅರ್ಧ ಕೆಲಸ ಮಾಡಿಕೊಡುತ್ತದೆ. ಅದು ಎಣಿಸುತ್ತದೆ, ನೋಡಬೇಕಾದವರು ನೋಡಬೇಕು. ವ್ಯಾಯಾಮ ಮತ್ತು ಆಹಾರದ ಬಗ್ಗೆ ವಯಸ್ಕರ ಮೇಲೆ ನಡೆದ ಪ್ರಯೋಗಗಳನ್ನು 2009ರಲ್ಲಿ ಒಟ್ಟುಹಾಕಿ ನೋಡಿದ ಮನಶ್ಶಾಸ್ತ್ರಜ್ಞೆ ಸೂಸನ್ ಮಿಚೀ ತಂಡಕ್ಕೂ ಕಂಡದ್ದು ಇದೇ. ಸ್ವಗಮನಿಕೆಯ ಜೊತೆ ಗುರಿ ಇಡುವುದೋ ಅದನ್ನು ಮರುಪರಿಶೀಲಿಸುವುದೋ ಸೇರಿದಾಗ ಪರಿಣಾಮ ಹೆಚ್ಚು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ವಾರ ಹೀಗಿದೆ ಎಂದುಕೊಳ್ಳಿ. ಸೋಮವಾರ, ಬುಧವಾರ, ಶುಕ್ರವಾರ 7,400 ಹೆಜ್ಜೆ, ಟ್ಯೂಷನ್ ಇರುವ ಮಂಗಳವಾರ, ಗುರುವಾರ 5,200, ಶನಿವಾರ 6,000, ಭಾನುವಾರ 3,000. ಸರಾಸರಿ 5,900 ಚಿಲ್ಲರೆ. ಸರಾಸರಿಯೊಂದನ್ನೇ ನೋಡಿದರೆ ‘ಇನ್ನೂ ನಡಿ’ ಎನ್ನುವುದರಾಚೆ ಏನೂ ಹೊಳೆಯದು. ದಿನದಿನದ್ದು ಬರೆದಿಟ್ಟರೆ ಟ್ಯೂಷನ್ ದಿನಗಳು ತಾವಾಗಿಯೇ ಎದ್ದು ಕಾಣುತ್ತವೆ: ಆ ಎರಡು ದಿನ ಅಪ್ಪ ಸ್ಕೂಟರಿನಲ್ಲಿ ಬಿಟ್ಟು ಕರೆತರುತ್ತಾರೆ. ವಾಪಸು ಬರುವಾಗ 20 ನಿಮಿಷ ಬಿರುಸಾಗಿ ನಡೆದರೆ, ನಿಮಿಷಕ್ಕೆ ನೂರರಂತೆ, 2,000 ಹೆಜ್ಜೆ. ಎರಡು ದಿನಕ್ಕೆ 4,000 ಸೇರಿ ಸರಾಸರಿ 6,500 ದಾಟುತ್ತದೆ. ಗುರಿ ಅಷ್ಟೇ ಸಾಕು, ಅದನ್ನು ಅವಳೇ ಬರೆದುಕೊಳ್ಳಬೇಕು. ಮೂರನೇ ವಾರ ಮಳೆ ಹಿಡಿದು ಮಂಗಳವಾರ ತಪ್ಪಿತು ಅನ್ನಿ. ಸಂಯಮದ ಭಾಷೆಯಲ್ಲಿ ಅದು ಸೋಲು. ಸ್ವನಿಯಂತ್ರಣದಲ್ಲಿ ಅವಳು ಆ ನಡಿಗೆಯನ್ನು ಭಾನುವಾರಕ್ಕೆ ಸರಿಸುತ್ತಾಳೆ, ಇಲ್ಲವೇ ಮಳೆಗಾಲ ಮುಗಿಯುವತನಕ ಗುರಿಯನ್ನೇ ಇಳಿಸುತ್ತಾಳೆ. ಗುರಿ ಇಳಿಸುವುದೂ ಸ್ವನಿಯಂತ್ರಣವೇ, ಇದನ್ನು ದೊಡ್ಡವರು ಒಪ್ಪುವುದು ಕಷ್ಟ.

ಹತ್ತು ಸಾವಿರದ ಮೂಲ 1965ರ ಜಪಾನಿನದು. ಅಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊಕೆಯ್’ ಎಂಬ ಸಾಧನದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ಹಾಗೆಂದು ಹದಿಹರೆಯದವರಿಗೆ ಅದು ಕೆಟ್ಟ ಸಂಖ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವಯಸ್ಸಿನವರಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷದ ಮಧ್ಯಮದಿಂದ ಬಿರುಸಿನ ಚಟುವಟಿಕೆ ಹೇಳುತ್ತದೆ. ಹದಿಹರೆಯದಲ್ಲಿ ಅದು 10,000ದಿಂದ 11,700 ಹೆಜ್ಜೆಗೆ ಹತ್ತಿರ ಎಂದು 2011ರ ಒಂದು ಪರಿಶೀಲನೆ ಲೆಕ್ಕ ಹಾಕಿದೆ. ಆದರೆ ಆರು ಸಾವಿರದಲ್ಲಿರುವವಳಿಗೆ ಮೊದಲ ವಾರವೇ ಅದನ್ನು ಕೊಟ್ಟರೆ ಬುಧವಾರದ ಹೊತ್ತಿಗೆ ಬ್ಯಾಂಡು ಡ್ರಾಯರ್ ಸೇರಿರುತ್ತದೆ.

ಇನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಹೆಜ್ಜೆಯ ರ‍್ಯಾಂಕ್ ಪಟ್ಟಿ. ಅದು ಸ್ಪರ್ಧೆ. ಬೇಕಾದರೆ ನಡೆಸಿ, ಸ್ವನಿಯಂತ್ರಣ ಎಂದು ಕರೆಯಬೇಡಿ. ಬ್ರಿಟನ್ನಿನಲ್ಲಿ 13–14ರ ಮಕ್ಕಳಿಗೆ ಎಂಟು ವಾರ ಫಿಟ್‌ಬಿಟ್ ಎಂಬ ಇಂಥದೇ ಬ್ಯಾಂಡು ಕಟ್ಟಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮಕ್ಕಳ ಸ್ವಂತ ಉತ್ಸಾಹ ಏರುವ ಬದಲು ಇಳಿದಿತ್ತು. ಅಮ್ಮನ ಫೋನಿಗೆ ಮಗನ ಹೆಜ್ಜೆ ಹೋಗುವಂತೆ ಜೋಡಿಸಿಟ್ಟರೆ ಅದಕ್ಕೆ ಹೆಸರು ಕಾವಲು. ಕಾವಲಿದ್ದಲ್ಲಿ ಉಪಾಯವೂ ಇರುತ್ತದೆ: ಕುಳಿತಲ್ಲೇ ಕೈ ಆಡಿಸಿದರೂ ಮಣಿಕಟ್ಟಿನ ಬ್ಯಾಂಡು ಎಣಿಸುತ್ತದೆ.

ಶುರುಮಾಡುವವರು ಮೊದಲ ವಾರ ಗುರಿಯಿಲ್ಲದೆ ಬರೀ ಬರೆದಿಡಲಿ. ಮೊದಲೆರಡು ದಿನದ ಲೆಕ್ಕ ಬಿಡಿ, ಹೊಸ ಆಟಿಕೆಯ ಹುರುಪಿನಲ್ಲಿ ಎಲ್ಲರೂ ಹೆಚ್ಚೇ ನಡೆಯುತ್ತಾರೆ. ಸೈಕಲ್, ಈಜು ಹೆಜ್ಜೆಯ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ, ಕಬಡ್ಡಿಗೆ ಬ್ಯಾಂಡನ್ನು ಬಿಚ್ಚಿಡಲೇಬೇಕು. ಅವನ್ನು ಪಕ್ಕದಲ್ಲಿ ನಿಮಿಷಗಳಲ್ಲಿ ಬರೆದುಕೊಳ್ಳಿ. ಇಲ್ಲದಿದ್ದರೆ ಸಂಜೆಯೆಲ್ಲ ಅಂಕಣದಲ್ಲಿ ಬೆವರು ಸುರಿಸಿದ ಹುಡುಗ ರಾತ್ರಿ ಪುಸ್ತಕದಲ್ಲಿ ಸೋಮಾರಿಯಾಗಿರುತ್ತಾನೆ.