ವಿಂಡೋಸ್‌ನಿಂದ ಲಿನಕ್ಸ್‌ಗೆ ಫೈಲ್ ಸಾಗಿಸೋದು: ಹೆಸರಿನ ಉದ್ದ, ಸ್ಲ್ಯಾಶ್, ಇನ್ನೊಂದಿಷ್ಟು

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೆ ಮಷೀನ್ ಇರೋ ತುಂಬಾ ಜನ ಲಿನಕ್ಸ್ ಕಡೆ ಹೊರಟಿದಾರೆ, ನಾನೂ ಅದೇ ದಾರೀಲಿ ಇದೀನಿ. ಇನ್‌ಸ್ಟಾಲ್ ಮಾಡೋದರ ಬಗ್ಗೆ ಇಲ್ಲಿ ಬರೀತಿಲ್ಲ, ಅದು ಕೇಳಿದ್ದಕ್ಕೆ ಉತ್ತರ ಕೊಡ್ತಾ ಹೋದ್ರೆ ಆಗೋ ಕೆಲಸ. ಕಷ್ಟ ಇರೋದು ಫೈಲ್‌ಗಳಲ್ಲಿ. ಕಾಪಿ ಆಯ್ತು ಅಂತ ಅನ್ಸುತ್ತೆ, ಆದ್ರೆ ಪೂರ್ತಿ ಆಗಿರಲ್ಲ, ಯಾವುದು ಬಿಟ್ಟುಹೋಯ್ತು ಅಂತಾನೂ ಗೊತ್ತಾಗಲ್ಲ. ಕಲಿತದ್ದು ಮರೆಯೋಕೆ ಮುಂಚೆ ಬರೆದಿಡ್ತಿದೀನಿ.

ವಿಂಡೋಸ್ ಇನ್ನೂ ಇರುವಾಗಲೇ ಮಾಡೋದು

ಮೊದಲನೇದು ಒನ್‌ಡ್ರೈವ್. ಫೈಲ್ ಪಕ್ಕ ಮೋಡದ ಗುರುತು ಇದ್ರೆ ಅದು ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ, ನಿಜವಾದ ಫೈಲ್ ಕ್ಲೌಡ್‌ನಲ್ಲಿದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಯಾವಾಗ್ಲೂ ಈ ಡಿವೈಸ್‌ನಲ್ಲೇ ಇಡು ಅನ್ನೋದನ್ನ ಆರಿಸಿ, ಎಲ್ಲಾ ಇಳಿಯೋವರೆಗೂ ಕಾಯಿರಿ.

ಎರಡನೇದು ಬಿಟ್‌ಲಾಕರ್, ಅಂದ್ರೆ ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಲಿನಕ್ಸ್‌ನಿಂದ ಅದನ್ನ ತೆಗೆಯೋದು ಕಷ್ಟ. ಕೀ ಬೇರೆ ಕಡೆ ಬರೆದಿಟ್ಕೊಳ್ಳಿ, ಅದೇ ಡಿಸ್ಕ್‌ನಲ್ಲಿ ಅಲ್ಲ.

ಮೂರನೇದು ಫಾಸ್ಟ್ ಸ್ಟಾರ್ಟಪ್, 2012ರಲ್ಲಿ ವಿಂಡೋಸ್ 8 ಜೊತೆ ಬಂದಿದ್ದು. ಇದು ಆನ್ ಇದ್ರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಆಫ್ ಆಗಲ್ಲ, ಅರ್ಧ ಹೈಬರ್ನೇಟ್ ಆಗಿ ಮಲಗುತ್ತೆ, ಆವಾಗ ಅದರ ಪಾರ್ಟಿಷನ್ ಲಿನಕ್ಸ್‌ನಲ್ಲಿ ಓದೋಕೆ ಮಾತ್ರ ಸಿಗಬಹುದು, ಒಮ್ಮೊಮ್ಮೆ ಮೌಂಟೇ ಆಗಲ್ಲ, ಅಂದ್ರೆ ತೆರೆಯೋದೇ ಇಲ್ಲ. ವಿಚಿತ್ರ ಅಂದ್ರೆ ರೀಸ್ಟಾರ್ಟ್ ಕೊಟ್ರೆ ಪೂರ್ತಿ ಆಫ್ ಆಗುತ್ತೆ, ಶಟ್‌ಡೌನ್ ಕೊಟ್ರೆ ಆಗಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಬಿಡಿ, ಅಥವಾ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಡಿ.

ಮಧ್ಯದ ಡ್ರೈವ್

ಫೈಲ್‌ಗಳನ್ನ ಮೊದಲು ವಿಂಡೋಸ್‌ನಿಂದ ಒಂದು ಹೊರಗಿನ ಡ್ರೈವ್‌ಗೆ ಹಾಕಿ, ಅಲ್ಲಿಂದ ಲಿನಕ್ಸ್‌ಗೆ ಇಳಿಸೋದು. ಆ ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಬೇಡ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ, ದೊಡ್ಡ ವಿಡಿಯೋ ಅಲ್ಲೇ ನಿಲ್ಲುತ್ತೆ. ಎಕ್ಸ್‌ಫ್ಯಾಟ್ ಸಾಕು. ಲಿನಕ್ಸ್ ಕರ್ನಲ್‌ಗೆ (ಸಿಸ್ಟಮ್‌ನ ತಿರುಳಿಗೆ) ಅದು 2019ರಲ್ಲಿ 5.4 ವರ್ಷನ್ ಜೊತೆ ಬಂತು, 2020ರಲ್ಲಿ 5.7ಕ್ಕೆ ಒಳ್ಳೆ ಡ್ರೈವರ್ ಸಿಕ್ತು, ಹಾಗಾಗಿ ಈಗಿನ ಸಿಸ್ಟಮ್‌ನಲ್ಲಿ ಬೇರೆ ಏನೂ ಹಾಕೋದು ಬೇಕಾಗಲ್ಲ. ಒಂದೇ ಕೊರತೆ, ಎಕ್ಸ್‌ಫ್ಯಾಟ್‌ಗೆ ಲಿನಕ್ಸ್ ಪರ್ಮಿಷನ್ (ಫೈಲ್‌ನ ಯಾರು ಓದಬಹುದು, ಬರೆಯಬಹುದು, ರನ್ ಮಾಡಬಹುದು ಅನ್ನೋ ಗುರುತು) ಗೊತ್ತಿಲ್ಲ, ಅದಕ್ಕೇ ಸಾದಾ ಫೋಟೋ ಕೂಡ ರನ್ ಮಾಡಬಹುದಾದ ಪ್ರೋಗ್ರಾಮ್ ಥರ ಕಾಣಿಸಬಹುದು. ಗಾಬರಿ ಬೇಡ.

ಹೆಸರು ತುಂಬಾ ಉದ್ದ ಅನ್ನೋ ಎರರ್

ಇದು ಅರ್ಥ ಆಗೋಕೆ ನನಗೆ ಬಹಳ ಹೊತ್ತು ಹಿಡೀತು, ಅದಕ್ಕೇ ಉದ್ದಕ್ಕೆ ಬರೀತೀನಿ. ಇಂಗ್ಲಿಷ್‌ನಲ್ಲಿ ಹೆಸರಿಡೋರಿಗೆ ಈ ತೊಂದರೆ ಹೆಚ್ಚುಕಮ್ಮಿ ಬರೋದೇ ಇಲ್ಲ, ಕನ್ನಡದಲ್ಲಿ ಫೈಲ್ ಹೆಸರು ಇಡೋ ನಮಗೆ ಬರುತ್ತೆ.

ವಿಂಡೋಸ್‌ನಲ್ಲೂ ಫೈಲ್ ಹೆಸರಿಗೆ ಮಿತಿ 255, ಲಿನಕ್ಸ್‌ನ ಎಕ್ಸ್‌ಟಿ4ನಲ್ಲೂ (ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಇಡೋ ಮಾಮೂಲಿ ಫಾರ್ಮ್ಯಾಟ್) 255. ಎರಡೂ ಒಂದೇ ತಾನೇ ಅಂದ್ಕೊಂಡ್ರೆ ಅಲ್ಲೇ ಎಡವೋದು, ಯಾಕಂದ್ರೆ ಏನನ್ನ ಎಣಿಸ್ತಾರೆ ಅನ್ನೋದು ಬೇರೆ. ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್ ಎಣಿಸೋದು ಯುಟಿಎಫ್-16 ಯೂನಿಟ್ (ಯುಟಿಎಫ್ ಅಂದ್ರೆ ಅಕ್ಷರಗಳನ್ನ ಕಂಪ್ಯೂಟರ್‌ನಲ್ಲಿ ಬರೆದಿಡೋ ವಿಧಾನ), ಕನ್ನಡದ ಒಂದು ಯುನಿಕೋಡ್ ಅಕ್ಷರಕ್ಕೆ ಒಂದು ಯೂನಿಟ್. ಲಿನಕ್ಸ್ ಎಣಿಸೋದು ಬೈಟ್, ಹೆಸರು ಇರೋದು ಯುಟಿಎಫ್-8ರಲ್ಲಿ, ಅಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡಕ್ಕೆ ಮೂರು. 255ನ್ನ 3ರಿಂದ ಭಾಗಿಸಿ: 85. ಅಷ್ಟೇ ಜಾಗ.

ಆ 85 ಕೂಡ ನಾವು ಕಣ್ಣಲ್ಲಿ ನೋಡಿ ಎಣಿಸೋ ಅಕ್ಷರ ಅಲ್ಲ. ಕಾಗುಣಿತದ ಚಿಹ್ನೆ ಒಂದು, ಒತ್ತಕ್ಷರಕ್ಕೆ ಮಧ್ಯೆ ಬರೋ ಹಲಂತ ಒಂದು, ಹೀಗೆ ಎಲ್ಲಾ ಬೇರೆ ಬೇರೆ. "ಸ್ತ್ರೀ" ಅನ್ನೋದು ನಮಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ, ಒಟ್ಟು ಆರು. ಆರು ಮೂರಲೆ ಹದಿನೆಂಟು ಬೈಟ್. "ಅಧ್ಯಯನ ಟಿಪ್ಪಣಿ" ಅಂತ ಹೆಸರಿಟ್ರೆ ಮೊದಲ ಪದಕ್ಕೆ ಆರು, ಎರಡನೇದಕ್ಕೆ ಏಳು, ಅಂದ್ರೆ 39 ಬೈಟ್, ನಡುವಿನ ಸ್ಪೇಸ್ ಒಂದು ಬೈಟ್, ಒಟ್ಟು 40. ಎಕ್ಸ್‌ಟೆನ್ಷನ್ ಬೇರೆ. ಎರಡೇ ಪುಟ್ಟ ಪದಕ್ಕೆ ಇಷ್ಟು! ಅಷ್ಟೇ ಅಲ್ಲ, "ಲಿನಕ್ಸ್‌ಗೆ" ಥರದ ಪದದಲ್ಲಿ ಒತ್ತು ಕೂಡದಂಗೆ ತಡೆಯೋಕೆ ಹಾಕೋ ಕಣ್ಣಿಗೆ ಕಾಣದ ಅಕ್ಷರ ಇರುತ್ತಲ್ಲ, ಅದಕ್ಕೂ ಮೂರು ಬೈಟ್.

ನೀವೇ ಟೈಪ್ ಮಾಡಿದ ಹೆಸರು ಸಾಮಾನ್ಯವಾಗಿ ಈ ಮಿತಿಯೊಳಗೇ ಇರುತ್ತೆ. ಬ್ರೌಸರ್‌ನಿಂದ ಸೇವ್ ಮಾಡಿದ ಕನ್ನಡ ಲೇಖನಗಳ ಹೆಸರು ನೋಡಿ, ಇಡೀ ತಲೆಬರಹವೇ ಫೈಲ್ ಹೆಸರಾಗಿರುತ್ತೆ, ಸಿಕ್ಕಿಹಾಕ್ಕೊಳ್ಳೋದು ಅವೇ. ಎಕ್ಸ್‌ಫ್ಯಾಟ್ ಕೂಡ ವಿಂಡೋಸ್ ಥರಾನೇ ಎಣಿಸೋದ್ರಿಂದ ಡ್ರೈವ್‌ಗೆ ಕಾಪಿ ಮಾಡೋವಾಗ ಏನೂ ಎರರ್ ಬರಲ್ಲ, ಬರೋದು ಲಿನಕ್ಸ್ ಕಡೆ ಇಳಿಸೋವಾಗ, ಅಷ್ಟೊತ್ತಿಗೆ ವಿಂಡೋಸ್ ಅಳಿಸಿಯಾಗಿದ್ರೆ ಕಿರಿಕಿರಿ. ಹೆಸರನ್ನ ವಿಂಡೋಸ್‌ನಲ್ಲೇ ಚಿಕ್ಕದು ಮಾಡಿ. ಅಂಥ ಫೋಲ್ಡರ್‌ನ ವಿಂಡೋಸ್‌ನಲ್ಲೇ ಜಿಪ್ ಮಾಡಿ ಅಂತ ಕೆಲವರು ಹೇಳ್ತಾರೆ, ಅದು ಪರಿಹಾರ ಅಲ್ಲ, ಬಿಚ್ಚೋವಾಗ ಅದೇ ಎರರ್ ಬರುತ್ತೆ.

ದೊಡ್ಡಕ್ಷರ ಚಿಕ್ಕಕ್ಷರದ ವಿಷಯ ಬೇಗ ಮುಗಿಸ್ತೀನಿ. ಲಿನಕ್ಸ್‌ನಲ್ಲಿ ದೊಡ್ಡ ಎನ್‌ನಿಂದ ಶುರುವಾಗೋ ನೋಟ್ಸ್ ಬೇರೆ, ಚಿಕ್ಕ ಎನ್‌ನ ನೋಟ್ಸ್ ಬೇರೆ. ಬರೋವಾಗ ತೊಂದರೆ ಇಲ್ಲ, ಮುಂದೆ ವಾಪಸ್ ಎಕ್ಸ್‌ಫ್ಯಾಟ್‌ಗೆ ಹಾಕೋವಾಗ ಎರಡೂ ಒಂದೇ ಹೆಸರಾಗಿ ಗುದ್ದಾಡುತ್ವೆ. ಹಾಗೇ ಲಿನಕ್ಸ್‌ನಲ್ಲಿ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಎಲ್ಲಾ ಇಡಬಹುದು, ವಿಂಡೋಸ್ ಒಪ್ಪಲ್ಲ.

ಆರ್‌ಸಿಂಕ್‌ನ ಸ್ಲ್ಯಾಶ್

ಮೌಸ್‌ನಲ್ಲಿ ಎಳೆದು ಬಿಡಬಹುದು, ಆದ್ರೆ ನಡುವೆ ನಿಂತ್ರೆ ಎಲ್ಲಿವರೆಗೆ ಆಗಿತ್ತು ಅಂತ ಗೊತ್ತಾಗಲ್ಲ. ನನಗೆ ಆರ್‌ಸಿಂಕ್ ತುಂಬಾ ಇಷ್ಟ ಆಯ್ತು, ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಫೈಲ್ ಕಾಪಿ ಮಾಡೋ, 1996ರಿಂದ ಇರೋ ಟೂಲ್, ಎ ಆಪ್ಷನ್ (-a) ಹಾಕಿ ಓಡಿಸಿದ್ದು ನಡುವೆ ನಿಂತ್ರೆ ಅದೇ ಕಮಾಂಡ್ ಮತ್ತೆ ಕೊಟ್ರೆ ಸಾಕು, ಗಾತ್ರ ಮತ್ತು ತಿದ್ದಿದ ಟೈಮ್ ಎರಡೂ ಒಂದೇ ಇರೋ ಫೈಲ್‌ನ ಬಿಟ್ಟು ಉಳಿದಿದ್ದು ಮಾತ್ರ ತಗೊಳ್ಳುತ್ತೆ.

ಗಮನ ಬೇಕಾಗಿರೋದು ಒಂದೇ ಕಡೆ. ಮೂಲ ಫೋಲ್ಡರ್ ಹೆಸರಿನ ಕೊನೇಲಿ ಸ್ಲ್ಯಾಶ್ ಇದ್ರೆ ಡಬ್ಬಿ ಒಳಗಿರೋದನ್ನ ಮಾತ್ರ ಸುರಿದಂಗೆ, ಇಲ್ಲದಿದ್ರೆ ಡಬ್ಬಿ ಸಮೇತ ಇಟ್ಟಂಗೆ. ಫೋಟೋಸ್ ಅಂತ ಕೊಟ್ಟು ಗುರಿ ಪಿಕ್ಚರ್ಸ್ ಅಂದ್ರೆ ಪಿಕ್ಚರ್ಸ್ ಒಳಗೆ ಫೋಟೋಸ್ ಅನ್ನೋ ಫೋಲ್ಡರ್ ಬರುತ್ತೆ. ಫೋಟೋಸ್ ಸ್ಲ್ಯಾಶ್ ಅಂತ ಕೊಟ್ರೆ ಚಿತ್ರಗಳೆಲ್ಲಾ ನೇರವಾಗಿ ಪಿಕ್ಚರ್ಸ್‌ಗೆ ಬಂದು ಬೀಳುತ್ವೆ. ಗುರಿಯ ಕೊನೇಲಿರೋ ಸ್ಲ್ಯಾಶ್‌ಗೆ ಈ ಅರ್ಥ ಇಲ್ಲ, ಮೂಲಕ್ಕೆ ಮಾತ್ರ. ಸಂಶಯ ಇದ್ರೆ ಮೊದಲು ಎನ್, ವಿ ಎರಡೂ ಆಪ್ಷನ್ (-nv) ಸೇರಿಸಿ ಓಡಿಸಿ, ಏನು ಮಾಡ್ತೀನಿ ಅಂತ ಬರೆದು ತೋರಿಸುತ್ತೆ, ಏನನ್ನೂ ಮುಟ್ಟಲ್ಲ.

ಎಲ್ಲಾ ಬಂತಾ?

ಫೋಲ್ಡರ್ ಗಾತ್ರ ಜಿಬಿಯಲ್ಲಿ ಹೋಲಿಸಬೇಡಿ. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸಿ ಅದನ್ನೇ ಜಿಬಿ ಅನ್ನುತ್ತೆ, ಲಿನಕ್ಸ್‌ನ ಕೆಲವು ಫೈಲ್ ಮ್ಯಾನೇಜರ್ 1000ದ ಲೆಕ್ಕ ಹಿಡಿಯುತ್ವೆ. ವಿಂಡೋಸ್‌ನಲ್ಲಿ 100 ಜಿಬಿ ಅಂತ ಇದ್ದಿದ್ದು ಇಲ್ಲಿ ಸುಮಾರು 107 ಅಂತ ಕಾಣುತ್ತೆ. ಒಂದು ಫೈಲ್ ಕೂಡ ಹೆಚ್ಚಾಗಿಲ್ಲ. ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಬೈಟ್ ನೋಡಿ, "ಸೈಜ್ ಆನ್ ಡಿಸ್ಕ್" ಅನ್ನೋದನ್ನ ಅಲ್ಲ.

ಇನ್ನೂ ಗಟ್ಟಿ ಬೇಕಾ, ಆರ್‌ಸಿಂಕ್‌ಗೇ ಆರ್, ಸಿ, ಎನ್, ವಿ ನಾಲ್ಕೂ ಆಪ್ಷನ್ ಕೊಟ್ಟು ಅದೇ ಮೂಲ, ಅದೇ ಗುರಿ ಹಾಕಿ. ಸಿ ಇದ್ರೆ ಟೈಮ್ ನಂಬಲ್ಲ, ಫೈಲ್ ಪೂರ್ತಿ ಓದಿ ಚೆಕ್‌ಸಮ್ (ಒಳಗಿರೋದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸುತ್ತೆ, ಎನ್ ಇರೋದ್ರಿಂದ ಏನೂ ಬರೆಯಲ್ಲ, ವ್ಯತ್ಯಾಸ ಇರೋ ಫೈಲ್ ಹೆಸರು ಮಾತ್ರ ಬರುತ್ತೆ. ನಿಧಾನ, ರಾತ್ರಿ ಓಡಿಸಿ ಮಲಗಿ. ಒಂದೂ ಹೆಸರು ಬರದಿದ್ರೆ ಹಳೆ ಡಿಸ್ಕ್ ಅಳಿಸಬಹುದು, ಆದ್ರೆ ಇದು ನೋಡೋದು ಡ್ರೈವ್ ಮತ್ತು ಲಿನಕ್ಸ್ ಮಧ್ಯೆ ಮಾತ್ರ, ವಿಂಡೋಸ್‌ನಿಂದ ಡ್ರೈವ್‌ಗೆ ಎಲ್ಲಾ ಬಂದಿತ್ತಾ ಅನ್ನೋದಕ್ಕೆ ಆ ಕಡೆ ಎಣಿಸಿದ ಸಂಖ್ಯೆಯೇ ಆಧಾರ.

ಬ್ರೌಸರ್ ಬುಕ್‌ಮಾರ್ಕ್ ಡಾಕ್ಯುಮೆಂಟ್ಸ್‌ನಲ್ಲಿ ಇರಲ್ಲ, ಆಪ್‌ಡೇಟಾ ಅನ್ನೋ ಅಡಗಿಸಿದ ಫೋಲ್ಡರ್‌ನಲ್ಲಿರುತ್ತೆ. ಫೈರ್‌ಫಾಕ್ಸ್ ಆದ್ರೆ ಅದನ್ನ ಪೂರ್ತಿ ಮುಚ್ಚಿ ಅದರ ಪ್ರೊಫೈಲ್ ಫೋಲ್ಡರ್ ಇಡಿಯಾಗಿ ತಗೊಳ್ಳಿ, ಒಳಗಿರೋದನ್ನ ಲಿನಕ್ಸ್ ಕಡೆಯ ಹೊಸ ಪ್ರೊಫೈಲ್‌ಗೆ ಹಾಕಿದ್ರೆ ಬುಕ್‌ಮಾರ್ಕ್, ಸೇವ್ ಆದ ಪಾಸ್‌ವರ್ಡ್ ಎಲ್ಲಾ ಬರುತ್ತೆ. ಥಂಡರ್‌ಬರ್ಡ್ ಮೇಲ್‌ಗೂ ಇದೇ ವಿಧಾನ. ಎರಡೂ ಕಡೆ ಒಂದೇ ವರ್ಷನ್ ಇರಲಿ, ಅಥವಾ ಲಿನಕ್ಸ್ ಕಡೆ ಹೊಸದಿರಲಿ, ಹಳೆ ವರ್ಷನ್ ಹೊಸ ಪ್ರೊಫೈಲ್ ತೆಗೆಯೋಕೆ ಒಪ್ಪಲ್ಲ.