ಹುಣಸೆ ಕೊರಡೂ ನಮ್ಮ ಹಲ್ಲೂ

ತುಮಕೂರು ಸೀಮೆಯ ಮಾಂಸದಂಗಡಿಯಲ್ಲಿ ಕಡಿಯುವ ಕೊರಡನ್ನು ನೋಡಿದ್ದೀರಾ? ಸಾಮಾನ್ಯವಾಗಿ ಅದು ಹುಣಸೆಯದ್ದು. ದಿನವಿಡೀ ಮಚ್ಚಿನ ಏಟು ತಿಂದರೂ ಸೀಳುವುದಿಲ್ಲ. ಬಿದಿರಿಗೆ ಒಂದೇ ಏಟು ಸಾಕು, ಸರ್ರನೆ ಉದ್ದಕ್ಕೂ ಸೀಳಿಬಿಡುತ್ತದೆ. ಬಿದಿರಿನ ನಾರು ನೇರ. ಹುಣಸೆಯ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ, ಬಿರುಕಿಗೆ ದಾರಿಯೇ ಸಿಗದು.

ಹಲ್ಲಿನ ಹೊರಕವಚ ಎನಾಮೆಲ್ ಬಾಳುವುದೂ ಹೀಗೇ. ಅದರ ತೂಕದಲ್ಲಿ ಸುಮಾರು ಶೇ. 96 ಖನಿಜ. ಗಟ್ಟಿ ಖನಿಜ, ಆದರೆ ಗಾಜಿನ ಹಾಗೆ ಸುಲಭವಾಗಿ ಬಿರುಕು ಬಿಡುವಂಥದ್ದು. ಹಾಗಿದ್ದೂ ಹುರಿಗಡಲೆ, ಕಬ್ಬು ಎಲ್ಲವನ್ನೂ ವರ್ಷಗಟ್ಟಲೆ ಅಗಿಯುತ್ತೇವಲ್ಲ, ಹೇಗೆ?

ಎನಾಮೆಲ್‌ನಲ್ಲಿ ಆ ಖನಿಜದ ಸಾವಿರಾರು ಹರಳುಗಳು ಸೇರಿ ಒಂದು ಕಡ್ಡಿ. ಅದರ ದಪ್ಪ ಸುಮಾರು 5 ಮೈಕ್ರೋಮೀಟರ್, ತಲೆಗೂದಲಿನ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಹಲ್ಲಿನ ಮೇಲ್ಮೈ ಹತ್ತಿರ ಈ ಕಡ್ಡಿಗಳು ಪೊರಕೆ ಕಡ್ಡಿಯ ಹಾಗೆ ಸಾಲಾಗಿ ನಿಂತಿರುತ್ತವೆ. ಒಳಗೆ ಹೋದ ಹಾಗೆ ಒಂದು ಗುಂಪು ಎಡಕ್ಕೆ ಬಾಗಿದರೆ ಪಕ್ಕದ್ದು ಬಲಕ್ಕೆ, ಬುಟ್ಟಿ ಹೆಣೆದ ಹಾಗೆ. ಮೇಲೆ ಹುಟ್ಟಿದ ಬಿರುಕು ಇಲ್ಲಿಗೆ ಬಂದು ತಿರುಗಬೇಕು, ಮತ್ತೆ ತಿರುಗಬೇಕು. ಪ್ರತಿ ತಿರುವಿನಲ್ಲೂ ಅದರ ಕಸುವು ಕರಗುತ್ತದೆ. ಈ ಹೆಣಿಗೆ ಮೂಡಿಸುವ ಪಟ್ಟೆಗಳನ್ನು 18ನೇ ಶತಮಾನದಲ್ಲೇ ಲಂಡನ್ನಿನ ವೈದ್ಯ ಜಾನ್ ಹಂಟರ್ ಗುರುತಿಸಿದ್ದರು. 2019ರ ಒಂದು ಅಧ್ಯಯನ ಇನ್ನೂ ಸೊಗಸಾದದ್ದನ್ನು ತೋರಿಸಿತು: ಒಂದೇ ಕಡ್ಡಿಯೊಳಗೂ ಅಕ್ಕಪಕ್ಕದ ಹರಳುಗಳು ತುಸು ಓರೆ, 1ರಿಂದ 30 ಡಿಗ್ರಿ. ಹೆಣಿಗೆಯೊಳಗೆ ಇನ್ನೊಂದು ಹೆಣಿಗೆ!

ಇದನ್ನು ಹೆಣೆಯುವ ಜೀವಕೋಶಗಳು ಹಲ್ಲು ಹೊರಗೆ ಬರುವಷ್ಟರಲ್ಲಿ ಸಾಯುತ್ತವೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ನನಗೆ ಸಂಕಟವಾಗುವುದು ಇಲ್ಲೇ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಲ್ಲಿ ವರ್ಷಗಟ್ಟಲೆ ಕುಡಿದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗದೆ, ಮೇಲ್ಪದರದ ಕೆಳಗೆ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಆಮೇಲೆ ಅದಕ್ಕೆ ಕಂದು ಬಣ್ಣ ಹತ್ತುತ್ತದೆ. ಆ ಮಕ್ಕಳನ್ನು ‘ಹಲ್ಲುಜ್ಜೋದಿಲ್ಲ’ ಅಂತ ಸುಮ್ನೆ ಬೈಯುತ್ತಾರೆ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿಸುತ್ತಾರೆ. ಕಲೆ ಇರುವುದು ಒಳಗೆ, ತಿಕ್ಕಿದರೆ ಸವೆಯುವುದು ಹಲ್ಲು.

ನೀರು ಕಾಯಿಸಿ ಕುಡಿದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ.